ಬಾಣಂತನಕ್ಕೆ ಹೋದವಳು ಸ್ಟೇರಿಂಗ್ ಹಿಡಿದಿದ್ದು

ಶಿರಸಿ ಸೀಮೆಯಲ್ಲಿ ಈಗ ಊರಿಗೆ ನಾಲ್ಕು ಜನವಾದರೂ ಬಾಣಂತನಕ್ಕೆ ಅಂತ ವಿಮಾನ ಹತ್ತಿದವರು ಸಿಗುತ್ತಾರೆ. ಮೊದಲೆಲ್ಲ ಮಗಳು ತವರಿಗೆ ಬರುತ್ತಿದ್ದಳು, ಈಗ ತವರೇ ಮಗಳ ಮನೆಗೆ ಹೋಗುತ್ತದೆ. ಹೋಗುವವರ ಚೀಲದಲ್ಲಿ ಬಾಣಂತಿ ಲೇಹ್ಯ, ಓಮ, ಅಪ್ಪೆಮಿಡಿ ಉಪ್ಪಿನಕಾಯಿ, ಮಗುವಿಗೆ ಹಚ್ಚುವ ಕೊಬ್ಬರಿ ಎಣ್ಣೆ ಎಲ್ಲ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್ ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ. ಪರದೇಶದಲ್ಲಿ ಕಾರು ಓಡಿಸುವುದು ನಮ್ಮ ಕೈಲಾಗುವ ಕೆಲಸ ಅಲ್ಲ ಎನ್ನುವ ಮಾತನ್ನು ಮಳೆಗಾಲದಲ್ಲೂ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿಬರುವ ಹೆಂಗಸರ ಬಾಯಲ್ಲೇ ಕೇಳಿದ್ದೇನೆ. ಘಟ್ಟಕ್ಕಿಂತ ಕಷ್ಟದ ರಸ್ತೆ ಅಲ್ಲಿಲ್ಲ. ಕಷ್ಟ ಇರುವುದು ಬೇರೆ ಕಡೆ.

ನನ್ನ ಮಗಳು ಇರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಎಂಬ ಊರಲ್ಲಿ. ನೆಕಾರ್ ನದಿ, ಅದರ ಮೇಲೆ ದ್ರಾಕ್ಷಿ ತೋಟದ ಗುಡ್ಡ, ಗುಡ್ಡದ ಮೈಮೇಲೆ ಇಕ್ಕಟ್ಟು ಓಣಿಗಳು. ಹೆರಿಗೆ ಆಪರೇಷನ್ನೇ ಆಗಬೇಕು ಅಂತ ಮೊದಲೇ ಗೊತ್ತಿತ್ತು. ಆಪರೇಷನ್ ಆದವಳು ಕೆಲವು ವಾರ ಕಾರು ಮುಟ್ಟುವ ಹಾಗಿಲ್ಲ, ಅಳಿಯನಿಗೆ ಕೆಲಸದ ಮೇಲೆ ತಿರುಗಾಟ. ಮಗಳು ಫೋನಿನಲ್ಲಿ ಹೇಳಿದಳು: "ಆಯಿ, ಲೈಸೆನ್ಸ್ ತಗಂಡೇ ಬಾ. ಇಲ್ಲಿ ನೀನೇ ಕಾರು ಹೊಡಿಯವು." ನಮ್ಮನೆಯವರು ಪಕ್ಕದಲ್ಲೇ ಕೂತು ಅಡಿಕೆ ಆರಿಸುತ್ತಿದ್ದವರು ತಲೆ ಎತ್ತಿ, "ಎಂತಾರು ಆದ್ರೆ ಭಾಷೆನೂ ಬತ್ತಿಲ್ಲೆ ನಿಂಗೆ" ಅಂದರು. ಭಾಷೆ ಬಾರದವರಿಗೂ ಅರ್ಥವಾಗಲಿ ಅಂತಲೇ ರಸ್ತೆ ಬದಿಯ ಬೋರ್ಡುಗಳಲ್ಲಿ ಚಿತ್ರ ಹಾಕುವುದು ಎನ್ನುವುದು ಅವರಿಗೆ ಹೊಳೆದಿರಲಿಲ್ಲ. ನನಗೂ ಆಗ ಹೊಳೆದಿರಲಿಲ್ಲ ಬಿಡಿ.

ಮೊದಲ ಕೆಲಸ ಕಾಗದದ್ದು. ಭಾರತದ ಲೈಸೆನ್ಸ್ ಜರ್ಮನಿಯಲ್ಲಿ ನಡೆಯುತ್ತದೆ, ಆದರೆ ಬರಿಯ ಕಾರ್ಡು ಸಾಲದು. ಅದರ ಜೊತೆಗೆ ಜರ್ಮನ್ ಅನುವಾದ ಇರಬೇಕು, ಇಲ್ಲವೇ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇರಬೇಕು. ಈ ಪರ್ಮಿಟ್ಟನ್ನು ನಮ್ಮ ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ. ಕಾರವಾರಕ್ಕೆ ಹೋಗಬೇಕೇನೋ ಅಂದುಕೊಂಡಿದ್ದೆ. ಆದರೆ ನಮ್ಮದು ಕೆಎ-31, ಶಿರಸಿಯ ಲೆಕ್ಕ. ಕೆಎ-30 ಕಾರವಾರದವರಿಗೆ, 47 ಹೊನ್ನಾವರದವರಿಗೆ, 65 ದಾಂಡೇಲಿಯವರಿಗೆ.

ಲೈಸೆನ್ಸ್ ಕೆಲಸಕ್ಕೆಂದೇ ಇರುವ ಸರಕಾರದ ಸಾರಥಿ ವೆಬ್‌ಸೈಟಿನಲ್ಲಿ ಕರ್ನಾಟಕ ಆರಿಸಿ, ಡಿಎಲ್ ನಂಬರು, ಹುಟ್ಟಿದ ತಾರೀಖು ಹಾಕಿದರೆ ಪರ್ಮಿಟ್ಟಿನ ಅರ್ಜಿ ತೆರೆದುಕೊಳ್ಳುತ್ತದೆ. ಫಾರಂ 4ಎ ಅಂತ ಅದರ ಹೆಸರು, ಶುಲ್ಕ 1,000 ರೂಪಾಯಿ. ಪರ್ಮಿಟ್ಟಿನ ಆಯಸ್ಸು ಒಂದು ವರ್ಷ, ಅಷ್ಟರೊಳಗೆ ಮೂಲ ಲೈಸೆನ್ಸ್ ಮುಗಿದರೆ ಇದೂ ಅಲ್ಲಿಗೇ ಮುಗಿಯಿತು. ಐವತ್ತು ದಾಟಿದವರು ಇದನ್ನು ಸರಿಯಾಗಿ ನೋಡಿಕೊಳ್ಳಬೇಕು. ನಮ್ಮ ವಯಸ್ಸಿನಲ್ಲಿ ಮಾಡಿಸಿದ ಲೈಸೆನ್ಸ್ ಇಪ್ಪತ್ತು ವರ್ಷ ಬರುವಂಥದ್ದಲ್ಲ, 55 ದಾಟಿದ ಮೇಲಂತೂ ಐದೈದು ವರ್ಷಕ್ಕೊಮ್ಮೆ ನವೀಕರಣ. ಬಾಣಂತನದ ಮಧ್ಯದಲ್ಲಿ ಡಿಎಲ್ ಮುಗಿದರೆ ಶಿರಸಿಯಲ್ಲಿ ಕೂತವರು ಏನೂ ಮಾಡುವ ಹಾಗಿಲ್ಲ.

ಮೊದಲು ಇದಕ್ಕೆ ಡಾಕ್ಟರ ಸರ್ಟಿಫಿಕೇಟು, ವೀಸಾ ಎಲ್ಲ ಕಡ್ಡಾಯವಾಗಿತ್ತು. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವೆರಡನ್ನೂ ತೆಗೆದುಹಾಕಿತು. ಕೆಲವು ದೇಶಗಳಲ್ಲಿ ವೀಸಾ ಕೊಡುವುದೇ ಅಲ್ಲಿ ಇಳಿದ ಮೇಲೆ, ಕೆಲವು ಸಲ ಹೊರಡುವ ಹಿಂದಿನ ದಿನ ಕೈಗೆ ಬರುತ್ತದೆ, ಹಾಗಿರುವಾಗ ಪರ್ಮಿಟ್ಟಿಗೆ ಮೊದಲೇ ವೀಸಾ ಕೇಳಿದರೆ ಹೇಗೆ ಎನ್ನುವುದು ಅದರ ಹಿಂದಿನ ವಿಚಾರ. ನನ್ನ ಹತ್ತಿರ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಇತ್ತು, ಪ್ರತಿ ಒಯ್ದಿದ್ದೆ, ಇದ್ದರೆ ಒಳ್ಳೆಯದೇ. ಕಚೇರಿ ಹೊರಗೆ ನಿಂತ ಒಬ್ಬ ಏಜೆಂಟ್ "ಅಮ್ಮಾ, ನಾ ಮಾಡಿಸಿಕೊಡ್ತೆ" ಅಂದ. ಸಾರಥಿಯಲ್ಲಿ ಅರ್ಜಿ ತುಂಬಿ ಹಣ ಕಟ್ಟಿ ಬಂದವಳಿಗೆ ಅವನು ಮಾಡಿಸಿಕೊಡುವುದು ಎಂಥದೂ ಉಳಿದಿರಲಿಲ್ಲ.

ಕೈಗೆ ಬಂದಿದ್ದು ಬೂದು ಬಣ್ಣದ ಒಂದು ಪುಸ್ತಿಕೆ. ನನ್ನ ಫೋಟೋ, ಸೀಲು, ಹಲವು ಭಾಷೆಯಲ್ಲಿ ಒಂದೇ ಒಕ್ಕಣೆ. 2022ರ ಆಗಸ್ಟಿನಿಂದ ಇಡೀ ದೇಶಕ್ಕೆ ಇದರ ನಮೂನೆ ಒಂದೇ ಮಾಡಿದ್ದಾರೆ, ಕ್ಯೂಆರ್ ಕೋಡೂ ಇದೆ. 1949ರಲ್ಲಿ ಜಿನೀವಾದಲ್ಲಿ ಆದ ರಸ್ತೆ ಸಂಚಾರದ ಒಪ್ಪಂದದ ಮೇಲೆ ಇದು ನಿಂತಿದೆ. ಒಂದು ಮಾತು ನೆನಪಿಡಬೇಕು: ಈ ಪುಸ್ತಿಕೆ ಲೈಸೆನ್ಸ್ ಅಲ್ಲ, ಲೈಸೆನ್ಸಿನ ಜೊತೆಗೆ ಇಟ್ಟುಕೊಳ್ಳುವ ಕಾಗದ. ಕಾರ್ಡು ಮನೆಯಲ್ಲಿ ಬಿಟ್ಟು ಪುಸ್ತಿಕೆ ಮಾತ್ರ ಒಯ್ದರೆ ಲೈಸೆನ್ಸ್ ಇಲ್ಲದವರ ಲೆಕ್ಕವೇ. ಇಂಟರ್‌ನೆಟ್ಟಿನಲ್ಲಿ "ಹತ್ತು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್" ಅಂತ ಡಾಲರಿನಲ್ಲಿ ಮಾರುವವರೂ ಇದ್ದಾರೆ. ಆ ಒಪ್ಪಂದದ ಪ್ರಕಾರ ಇದರ ಆಯಸ್ಸೇ ಒಂದು ವರ್ಷ ಅಂದ ಮೇಲೆ ಹತ್ತು ವರ್ಷದ್ದು ಎಲ್ಲಿಂದ ಬಂತು?

ನಾನು ಯೋಚನೆ ಮಾಡದೇ ಇದ್ದ ಕಾಗದ ಒಂದಿತ್ತು, ಅದು ಕಾರಿನ ವಿಮೆ. ನಮ್ಮಲ್ಲಿ ಕಾರಿಗೆ ವಿಮೆ ಇದ್ದರೆ ಲೈಸೆನ್ಸ್ ಇದ್ದವರು ಯಾರು ಓಡಿಸಿದರೂ ನಡೆಯುತ್ತದೆ. ಜರ್ಮನಿಯಲ್ಲಿ ಯಾರು ಯಾರು ಓಡಿಸುತ್ತಾರೆ, ಅವರಿಗೆಷ್ಟು ವಯಸ್ಸು ಎಂಬುದನ್ನು ಪಾಲಿಸಿ ಮಾಡುವಾಗಲೇ ಹೇಳುವುದು ರೂಢಿ, ಕಂತಿನ ಹಣ ಅದರ ಮೇಲೆ ನಿಲ್ಲುತ್ತದೆ. ಅಳಿಯನ ಪಾಲಿಸಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಪಟ್ಟಿಯಲ್ಲಿ ಇಲ್ಲದ ಅತ್ತೆ ಯಾರಿಗಾದರೂ ಗುದ್ದಿದರೆ ಎದುರಿನವರಿಗೆ ಕಂಪನಿ ಪರಿಹಾರ ಕೊಡುತ್ತದೆ, ಆಮೇಲೆ ಕಂತಿನ ವ್ಯತ್ಯಾಸ, ಮೇಲಿಂದ ದಂಡ ಅಂತ ಅಳಿಯನ ಕುತ್ತಿಗೆಗೆ ಬರುತ್ತದೆ. ಅವನು ನಾನು ಇರುವಷ್ಟು ಸಮಯಕ್ಕೆ ಅಂತ ನನ್ನ ಹೆಸರು ಸೇರಿಸಿದ. ಮಕ್ಕಳ ಕಾರು ಓಡಿಸಲು ಹೋಗುವ ಅಪ್ಪ ಅಮ್ಮ ಪರ್ಮಿಟ್ಟಿಗೆ ಕೊಟ್ಟಷ್ಟೇ ಲಕ್ಷ್ಯ ಇದಕ್ಕೂ ಕೊಡಬೇಕು. ಪೊಲೀಸರು ಇದನ್ನು ಕೇಳುವುದಿಲ್ಲ, ಹಾಗಾಗಿ ಯಾರಿಗೂ ನೆನಪಾಗುವುದಿಲ್ಲ.

ಮೊದಲ ಪಾಠ ಭಾನುವಾರ ಆಯಿತು. ಜರ್ಮನಿಯಲ್ಲಿ ಭಾನುವಾರ ಅಂಗಡಿ ಬಾಗಿಲು ತೆಗೆಯುವುದಿಲ್ಲ, ದೊಡ್ಡ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗ ಪೂರ್ತಿ ಖಾಲಿ. ಎಡಕ್ಕೆ ಕೂತು ಬಲಗೈಯಲ್ಲಿ ಗೇರು ಹಾಕುವುದು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮಾತ್ರ ನಮ್ಮ ಹಾಗೇ ಇರುವುದರಿಂದ ಕಾಲಿಗೆ ಹೊಸ ವಿದ್ಯೆ ಬೇಡ. ಇಂಡಿಕೇಟರು ಎಡಗೈಗೆ, ವೈಪರು ಬಲಗೈಗೆ, ನಮ್ಮ ಮಾರುತಿಗೆ ತಿರುವುಮುರುವು. ಇದೆಲ್ಲ ಬೇಗ ಕೂತುಬಿಡುತ್ತದೆ. ಬೇಗ ಕೂರದಿದ್ದು ಕಾರಿನ ಬಲಮಗ್ಗುಲು. ಜೀವಮಾನವಿಡೀ ಕಾರಿನ ಮುಕ್ಕಾಲು ಪಾಲು ನನ್ನ ಎಡಕ್ಕೆ ಇತ್ತು, ಈಗ ಅಷ್ಟೂ ಬಲಕ್ಕೆ. ಎದುರಿನ ಗಾಡಿ ಎಡಗಡೆಯಿಂದ ಬಂದಾಗ ಕೈ ತಾನಾಗಿ ಬಲಕ್ಕೆ ಸರಿಯುತ್ತದೆ, ಬಲಕ್ಕೆ ಸಾಲಾಗಿ ನಿಂತ ಕಾರುಗಳ ಕನ್ನಡಿಗಳು ಒಂದು ಗೇಣು ಅಂತರದಲ್ಲಿ ಹಾದುಹೋಗುತ್ತವೆ. ಅಳಿಯ ಪಾರ್ಕಿಂಗ್ ಗೆರೆಗಳ ನಡುವೆಯೇ ನಿಧಾನ ಓಡಿಸಿ, ಬಲಚಕ್ರ ಗೆರೆ ಮುಟ್ಟುವ ಹೊತ್ತಿಗೆ ಆ ಗೆರೆ ಬಾನೆಟ್ಟಿನ ಯಾವ ಜಾಗದಲ್ಲಿ ಕಾಣುತ್ತದೆ ಅಂತ ಗುರುತು ಹಿಡಿಸಿದ. ಆ ಗುರುತು ಸಿಕ್ಕ ಮೇಲೆ ಓಣಿಯ ಭಯ ಹೋಯಿತು.

ಅವನೇ ಹೇಳಿದ ಇನ್ನೊಂದು ಸೂತ್ರ: "ಅತ್ತೆ, ನಿಂಗ ಕುಂತ ಬದಿ ರಸ್ತೆ ನಡುಗೆರೆ ಪಕ್ಕ ಇದ್ರೆ ಸರಿ ಇದ್ದು ಹೇಳಿ ಲೆಕ್ಕ." ನಮ್ಮಲ್ಲೂ ಹಾಗೇ ತಾನೇ, ಓಡಿಸುವವರು ಯಾವಾಗಲೂ ನಡುಗೆರೆಯ ಪಕ್ಕ. ಎಡ, ಬಲ ಅಂತ ಮನಸ್ಸಿನಲ್ಲಿ ತಿರುಗಿಸುತ್ತಾ ಕೂರುವ ಗೋಜೇ ಇಲ್ಲ. ವಾಹನ ತುಂಬಿದ ರಸ್ತೆಯಲ್ಲಿ ಯಾರೂ ಬದಿ ತಪ್ಪುವುದಿಲ್ಲ, ಮುಂದಿನ ಕಾರು ಹೋದಲ್ಲಿ ಹೋದರಾಯಿತು. ತಪ್ಪುವುದು ಬೆಳಗಿನ ಜಾವ ಖಾಲಿ ರಸ್ತೆಗೆ ಇಳಿಯುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಎಡಕ್ಕೆ ತಿರುಗಿದ ಮೇಲೆ ಯಾವ ಸಾಲಿಗೆ ಸೇರಬೇಕು ಅನ್ನುವಾಗ. ಅಲ್ಲೆಲ್ಲ ನಾನು ಬಾಯಿಬಿಟ್ಟೇ "ನಡುಗೆರೆ, ನಡುಗೆರೆ" ಅನ್ನುತ್ತಿದ್ದೆ. ಮಗಳು ನಗಲಿ, ನನಗೇನು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಎಸ್ಲಿಂಗೆನ್ನಿನ ಗುಡ್ಡದ ಓಣಿಗಳಲ್ಲಿ ಹೆಚ್ಚಿನವು ಗಂಟೆಗೆ 30 ಕಿಲೋಮೀಟರು ಮಿತಿಯ ವಲಯ. ಅಡ್ಡದಾರಿ ಕೂಡುವಲ್ಲಿ ಬೋರ್ಡು ಇಲ್ಲ, ಸಿಗ್ನಲ್ ಇಲ್ಲ, ಹಂಪ್ ಇಲ್ಲ. ಏನೂ ಇಲ್ಲದಿದ್ದರೆ ನಿಯಮ ಒಂದೇ: ಬಲದಿಂದ ಬರುವವರಿಗೆ ಮೊದಲ ದಾರಿ. ನೀವು ಓಡಿಸುತ್ತಿರುವುದು ಅಗಲ ರಸ್ತೆ, ಬಲಕ್ಕಿರುವುದು ಎರಡು ಮನೆಗಳ ಸಂದಿನಂಥ ಓಣಿ ಅಂದುಕೊಳ್ಳಿ. ಆ ಸಂದಿನಿಂದ ಒಂದು ಕಾರು ಬಂದರೆ ನಿಲ್ಲಬೇಕಾದವರು ನೀವು. ಅದಕ್ಕಿಂತ ಮುಖ್ಯವಾಗಿ, ಸಂದಿನಿಂದ ಬರುವವನಿಗೆ ನೀವು ನಿಲ್ಲುತ್ತೀರಿ ಅನ್ನುವುದರಲ್ಲಿ ಅನುಮಾನವೇ ಇರುವುದಿಲ್ಲ. ಅವನು ತನ್ನ ಬಲಕ್ಕೆ ನೋಡಿ ನುಗ್ಗುತ್ತಾನೆ, ನಿಮ್ಮ ಕಡೆ ತಿರುಗಿಯೂ ನೋಡದೇ ಇರಬಹುದು.

ನಮ್ಮ ಕಡೆ ಓಡಿಸುವ ರೀತಿ ಹೀಗಲ್ಲವಲ್ಲ. ಕೂಡುರಸ್ತೆಯಲ್ಲಿ ಇಬ್ಬರು ಬಂದರೆ ಕಣ್ಣು ಕಣ್ಣು ನೋಡಿಕೊಳ್ಳುತ್ತೇವೆ, ಒಬ್ಬರು ಅರ್ಧ ಬಾನೆಟ್ಟು ತೂರಿಸುತ್ತಾರೆ, ಇನ್ನೊಬ್ಬರು ಲೈಟು ಮಿನುಗಿಸುತ್ತಾರೆ, ದೊಡ್ಡ ಗಾಡಿಯವ ಹೋಗುತ್ತಾನೆ, ಚಿಕ್ಕವ ನಿಲ್ಲುತ್ತಾನೆ. ಶಿರಸಿ ಐದು ರಸ್ತೆಯಲ್ಲಿ ಅರ್ಧ ಗಂಟೆ ನಿಂತು ನೋಡಿ, ಅದೊಂದು ಚೌಕಾಸಿ, ಪ್ರತಿ ಸಲ ಹೊಸದಾಗಿ ನಡೆಯುತ್ತದೆ. ಜರ್ಮನಿಯಲ್ಲಿ ಚೌಕಾಸಿಗೆ ಜಾಗವಿಲ್ಲ. ನಮ್ಮ ಪಂಕ್ತಿ ಊಟದಲ್ಲಿ ಬಡಿಸುವ ಕ್ರಮ ಇದ್ದ ಹಾಗೆ, ಯಾರಿಗೆ ಮೊದಲು ಎನ್ನುವುದು ಎಲೆ ಹಾಕುವ ಹೊತ್ತಿಗೇ ತೀರ್ಮಾನವಾಗಿರುತ್ತದೆ, ನಡುವೆ ಕೂತವರು ಕೈ ಎತ್ತಿ ಕರೆಯುವುದಿಲ್ಲ. ಹಾಗಾಗಿ ಅತಿ ವಿನಯವೂ ಅಲ್ಲಿ ತೊಂದರೆಯೇ. ನನ್ನದೇ ದಾರಿ ಇರುವಾಗ "ಪಾಪ, ಹೋಗಲಿ" ಅಂತ ನಿಂತರೆ ಎದುರಿನವನಿಗೆ ಗೊಂದಲ, ಹಿಂದಿನವನಿಗೆ ಸಿಟ್ಟು.

"ಆಯಿ, ಎಂತಕ್ಕೆ ನಿಂತ್ಕಂಡಿದ್ದೆ? ನಿಂದೇ ದಾರಿ ಇದ್ದು, ಹೋಗು."

"ಅವ ನೋಡ್ತಾ ಇದ್ನಲೇ ಕೂಸೇ."

"ನೋಡ್ಲಿ. ಅವ ನಿನ್ನ ಕಾಯ್ತಾ ಇಪ್ಪದು."

ಇಂಥ ಮಾತುಕತೆ ದಿನಾ ನಡೆಯುತ್ತಿತ್ತು. ದಾರಿ ಯಾರದು ಅಂತ ಹೇಳುವ ಗುರುತುಗಳು ನಾಲ್ಕೈದೇ. ಬಿಳಿ ಅಂಚಿನ ಹಳದಿ ವಜ್ರಾಕೃತಿ ಕಂಡರೆ ನೀವಿರುವುದು ಆದ್ಯತೆಯ ರಸ್ತೆ, ಬಲದಿಂದ ಬರುವವರೂ ನಿಲ್ಲುತ್ತಾರೆ. ಅದರ ಮೇಲೆ ಅಡ್ಡ ಗೀಟು ಹಾಕಿದ್ದರೆ ಆದ್ಯತೆ ಮುಗಿಯಿತು. ತಲೆಕೆಳಗಾದ ತ್ರಿಕೋನ ಕಂಡರೆ ನೀವು ಬಿಟ್ಟುಕೊಡಬೇಕು. ಎಂಟು ಮೂಲೆಯ ಸ್ಟಾಪ್ ಇದ್ದರೆ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಊರ ಹೆಸರಿನ ಹಳದಿ ಫಲಕ ದಾಟಿದ ಕೂಡಲೇ 50ರ ಮಿತಿ ಶುರು, ಅದೇ ಹೆಸರಿಗೆ ಕೆಂಪು ಗೀಟು ಹೊಡೆದಿದ್ದರೆ ಊರು ಮುಗಿಯಿತು, ಇನ್ನು 100. ಈ ಎರಡಕ್ಕೂ ಅಂಕಿಯ ಬೋರ್ಡು ಬೇರೆ ಇರುವುದಿಲ್ಲ. ಹೊಸಬರು ಅಂಕಿ ಹುಡುಕುತ್ತಾ ಹೋಗುತ್ತಾರೆ.

ತಮಾಷೆ ಎಂದರೆ ಬಲದವರಿಗೆ ಬಿಡಬೇಕು ಎನ್ನುವ ನಿಯಮ ನಮ್ಮಲ್ಲೂ ಇತ್ತು. 1989ರ ರಸ್ತೆ ನಿಯಮಾವಳಿಯಲ್ಲೇ ಬರೆದಿದ್ದರು: ಮುಖ್ಯರಸ್ತೆ ಎಂದು ಗುರುತಿಸದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಶಿರಸಿಯಲ್ಲಿ ಲೈಸೆನ್ಸ್ ತೆಗೆದುಕೊಂಡ ಮೇಲೆ ಇಷ್ಟು ವರ್ಷದಲ್ಲಿ ಒಬ್ಬರೂ ಈ ಮಾತು ಎತ್ತಿದ್ದು ಕೇಳಿಲ್ಲ. ಅದೇ ನಿಯಮಾವಳಿಯ ಇನ್ನೊಂದು ಮಾತನ್ನು ಮಾತ್ರ ನಮ್ಮವರು ಚೆನ್ನಾಗಿ ಪಾಲಿಸುತ್ತಾರೆ, ಘಟ್ಟದಲ್ಲಿ ಏರುವ ಗಾಡಿಗೆ ಇಳಿಯುವವರು ದಾರಿ ಬಿಡುವುದು. ದೇವಿಮನೆಯಲ್ಲಿ ಲೋಡು ಲಾರಿ ಏರಿ ಬರುತ್ತಿದ್ದರೆ ಎಂಥ ಗಡಿಬಿಡಿಯವನೂ ಮೇಲೆ ನಿಲ್ಲುತ್ತಾನೆ. ನಿಲ್ಲದಿದ್ದರೆ ಆ ಲಾರಿ ಮತ್ತೆ ಮುಂದೆ ಹೋಗುವುದೇ ಇಲ್ಲ ಅಂತ ಗೊತ್ತು.

ಉಳಿದ ಸಂಗತಿ ಸಣ್ಣ ಸಣ್ಣವು, ಆದರೆ ಬಿಡುವ ಹಾಗಿಲ್ಲ. ಬಲಕ್ಕೆ ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಕುತ್ತಿಗೆ ತಿರುಗಿಸಿ ಭುಜದ ಹಿಂದೆ ನೋಡಬೇಕು. ಕನ್ನಡಿಗೆ ಕಾಣದ ಜಾಗದಲ್ಲಿ ಸೈಕಲ್ಲಿನವರು ನೆಟ್ಟಗೆ ಬರುತ್ತಿರುತ್ತಾರೆ, ಅವರಿಗೇ ಮೊದಲ ದಾರಿ. ಸೈಕಲ್ಲನ್ನು ಹಿಂದೆ ಹಾಕುವಾಗ ಊರೊಳಗೆ ಒಂದೂವರೆ ಮೀಟರು, ಹೊರಗೆ ಎರಡು ಮೀಟರು ಅಂತರ ಬಿಡಬೇಕು, ಜಾಗ ಇಲ್ಲದಿದ್ದರೆ ಹಿಂದೆಯೇ ಹೋಗಬೇಕು. ಎಸ್ಲಿಂಗೆನ್ನಿನಲ್ಲಿ ತಂತಿ ಹಿಡಿದು ಓಡುವ ಟ್ರಾಲಿ ಬಸ್ಸುಗಳಿವೆ. ಯಾವ ಬಸ್ಸಾದರೂ ನಿಲ್ದಾಣದಲ್ಲಿ ನಾಲ್ಕೂ ಇಂಡಿಕೇಟರು ಹಾಕಿ ನಿಂತಿದ್ದರೆ ಅದರ ಪಕ್ಕ ನಡೆಯುವ ವೇಗದಲ್ಲಿ ಹೋಗಬೇಕು, ಎದುರು ಬದಿಯಿಂದ ಬರುವವರಿಗೂ ಅದೇ ನಿಯಮ. ಸಿಗ್ನಲ್ ಕಂಬ ಕೂಡುರಸ್ತೆಯ ಆಚೆ ಇರುವುದಿಲ್ಲ, ಈಚೆಯೇ ಇರುತ್ತದೆ. ಗೆರೆ ದಾಟಿ ನಿಂತವರಿಗೆ ದೀಪವೇ ಕಾಣುವುದಿಲ್ಲ. ಎಂಥ ಉಪಾಯ! ಹಾರ್ನು ಅಪಾಯಕ್ಕೆ ಮಾತ್ರ. ಕುರುಡು ತಿರುವಿನಲ್ಲಿ ಹಾರ್ನ್ ಹೊಡೆದೇ ಅಭ್ಯಾಸವಾದ ನನ್ನ ಬಲಗೈ ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಮೊಮ್ಮಗ ಹುಟ್ಟಿದ. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬರುವ ದಿನ ಅಳಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂಸಿನ ಬುಟ್ಟಿ ಕೂರಿಸಿಟ್ಟಿದ್ದ. ಸೀಟಿನ ಸಂದಿನಲ್ಲಿ ಎರಡು ಕಬ್ಬಿಣದ ಕೊಂಡಿ ಇರುತ್ತವೆ, ಅವಕ್ಕೆ ಒಂದು ಪೀಠ ಸಿಕ್ಕಿಸುವುದು, ಪೀಠದಿಂದ ಒಂದು ಕಾಲು ಕಾರಿನ ನೆಲಕ್ಕೆ ಊರುತ್ತದೆ, ಅದರ ಮೇಲೆ ಬುಟ್ಟಿ. ಸರಿಯಾಗಿ ಕೂತರೆ ಟಕ್ ಅನ್ನುತ್ತದೆ, ಕೆಂಪು ಗುರುತು ಹಸಿರಾಗುತ್ತದೆ. ಕೂಸಿನ ಮುಖ ಹಿಂದಕ್ಕೆ. ಹೊಸ ನಮೂನೆಯ ಸೀಟುಗಳಲ್ಲಿ 15 ತಿಂಗಳು ತುಂಬುವವರೆಗೂ ಹಿಂದಕ್ಕೇ ಮುಖ ಮಾಡಿ ಕೂರಿಸಬೇಕು. ಮುಂದಿನ ಸೀಟಿನಲ್ಲಿ ಹಾಗೆ ಇಡುವುದಾದರೆ ಆ ಬದಿಯ ಏರ್‌ಬ್ಯಾಗ್ ಬಂದ್ ಮಾಡಲೇಬೇಕು, ಇಲ್ಲದಿದ್ದರೆ ಅದು ಬಿಚ್ಚಿಕೊಳ್ಳುವ ರಭಸಕ್ಕೆ ಕೂಸು ಉಳಿಯುವುದಿಲ್ಲ. ಹನ್ನೆರಡು ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆಲ್ಲ ಅವರವರ ಅಳತೆಯ ಸೀಟು ಕಡ್ಡಾಯ. ಮಗು ಹಾಗೇ ಬಿಟ್ಟು ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸಿಗೆ ಒಂದು ತಪ್ಪಿನ ಪಾಯಿಂಟು.

ದಪ್ಪ ಸ್ವೆಟರು ಹಾಕಿ ಬೆಲ್ಟು ಬಿಗಿಯಬಾರದು ಎನ್ನುವುದು ಅಲ್ಲೇ ತಿಳಿದದ್ದು. ಬೆಲ್ಟು ಬಿಗಿಯಾಗಿದೆ ಅನ್ನಿಸುತ್ತದೆ, ಒಳಗೆ ಉಣ್ಣೆ ಹಿಸುಕಿಕೊಂಡು ಸಡಿಲವೇ ಇರುತ್ತದೆ. ತೆಳು ಅಂಗಿ ಹಾಕಿ, ಬೆಲ್ಟು ಬಿಗಿದು, ಮೇಲಿಂದ ಹೊದಿಕೆ ಹೊದಿಸುವುದು ಕ್ರಮ. ಕೂಸು ಅಳುತ್ತದೆ ಅಂತ ಎತ್ತಿಕೊಳ್ಳುವ ಹಾಗಿಲ್ಲ, ಗಾಡಿ ನಿಲ್ಲಿಸಿ ಎತ್ತಿಕೊಳ್ಳಬೇಕು. ನಮ್ಮಲ್ಲಿ ಅಜ್ಜಿ ಮುಂದಿನ ಸೀಟಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಾಳೆ. ಅದಕ್ಕಿಂತ ಭದ್ರ ಜಾಗ ಇಲ್ಲ ಅಂತ ನಮ್ಮ ನಂಬಿಕೆ. ಅರ್ಧ ವೇಗದಲ್ಲಿ ಗುದ್ದಿದರೂ ಆ ಮಡಿಲು ಹಿಡಿದುಕೊಳ್ಳಲಾರದು. ನಮ್ಮಲ್ಲಿ ಕಾನೂನು ಇಲ್ಲದೇ ಇಲ್ಲ, 2019ರ ತಿದ್ದುಪಡಿಯಲ್ಲಿ ಬಂದ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಇದನ್ನು ಓದಿದ ಅಜ್ಜಿಯಂದಿರು ನನ್ನ ಮೇಲೆ ಸಿಟ್ಟಾದರೆ ಆಗಲಿ.

ನಾನೊಬ್ಬಳೇ ಓಡಿಸಿದ್ದು ಕೂಸಿನ ತಿಂಗಳ ಹೊತ್ತಿನ ತಪಾಸಣೆಗೆ. ಹಳದಿ ಪುಸ್ತಕ ಒಂದು ಕೊಟ್ಟಿರುತ್ತಾರೆ, ನಾಲ್ಕು ಐದನೇ ವಾರದಲ್ಲಿ ಒಮ್ಮೆ ಮಕ್ಕಳ ಡಾಕ್ಟರು ನೋಡಿ ಅದರಲ್ಲಿ ಬರೆಯಬೇಕು. ಮಗಳು ಹಿಂದೆ ಕೂಸಿನ ಪಕ್ಕ, ಮುಂದೆ ನಾನೊಬ್ಬಳು. ಡಾಕ್ಟರ ಷಾಪಿನೆದುರು ಕಾರು ನಿಲ್ಲಿಸಲು ಎರಡು ತಾಸು ಪುಕ್ಕಟೆ, ಆದರೆ ಗಾಜಿನ ಹಿಂದೆ ನೀಲಿ ರಟ್ಟಿನ ಗಡಿಯಾರ ಇಡಬೇಕು. ಅದರ ಮುಳ್ಳನ್ನು ಬಂದ ಹೊತ್ತಿನ ಮುಂದಿನ ಅರ್ಧ ಗಂಟೆಗೆ ತಿರುಗಿಸುವುದು: 10 ಗಂಟೆ 5 ನಿಮಿಷಕ್ಕೆ ಬಂದರೆ ಹತ್ತೂವರೆಗೆ. ಸರಕಾರವೇ ಇಪ್ಪತ್ತೈದು ನಿಮಿಷ ಬಿಟ್ಟುಕೊಡುವ ಲೆಕ್ಕ ನನಗಂತೂ ಬಹಳ ಇಷ್ಟವಾಯಿತು.

ಪಾರ್ಕಿಂಗಿನಲ್ಲಿ ಪಕ್ಕದ ಕಾರಿಗೆ ಗೀರು ಬಿದ್ದರೆ ಏನು ಮಾಡಬೇಕು ಎಂಬುದನ್ನು ಪ್ರತಿಯೊಬ್ಬ ಭೇಟಿಗಾರನೂ ತಿಳಿದಿರಬೇಕು. ಫೋನ್ ನಂಬರು ಬರೆದು ವೈಪರಿಗೆ ಸಿಕ್ಕಿಸಿ ಹೋದರೆ ಸಾಲದು, ಕಾನೂನಿನ ಕಣ್ಣಲ್ಲಿ ಅದೂ ಅಪಘಾತ ಮಾಡಿ ಓಡಿಹೋದ ಹಾಗೇ, ಅದು ಕ್ರಿಮಿನಲ್ ಅಪರಾಧ. ಕಾರಿನವರಿಗಾಗಿ ಕಾಯಬೇಕು, ಬಾರದಿದ್ದರೆ ಪೊಲೀಸರಿಗೆ ತಿಳಿಸಬೇಕು. ಪೊಲೀಸರಿಗೆ 110, ಆಂಬುಲೆನ್ಸಿಗೆ 112. ಕಾರಿನಲ್ಲಿ ಕೆಂಪು ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹೊಳೆಯುವ ಜಾಕೆಟ್ಟು ಇರಲೇಬೇಕು. ಜಾಕೆಟ್ಟು ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಕೈಗೆ ಸಿಗುವ ಹಾಗೆ ಇಡಿ, ಕೆಳಗಿಳಿಯುವ ಮೊದಲೇ ಹಾಕಿಕೊಳ್ಳುವುದಕ್ಕೆ.

ವೇಗದ ಕ್ಯಾಮೆರಾ ಬಗ್ಗೆ ಒಂದೇ ಮಾತು. ಅಳಿಯನಿಗೆ ಒಂದು ದಿನ ಅಂಚೆಯಲ್ಲಿ ಬಂದ ಪತ್ರದಲ್ಲಿ ಅವನದೇ ಫೋಟೋ, ಕೆಳಗೆ ತಾರೀಖು, ನಿಮಿಷ, ರಸ್ತೆಯ ಹೆಸರು. ಊರೊಳಗೆ ಮಿತಿಗಿಂತ ಹತ್ತು ಕಿಲೋಮೀಟರಿನೊಳಗೆ ಹೆಚ್ಚಾದರೆ 30 ಯೂರೋ, ಅದಕ್ಕಿಂತ ಮೇಲೆ ಹೋದ ಹಾಗೆ 50, 70. ಅವನು ತುಟಿ ಪಿಟಕ್ ಅನ್ನದೆ ಮೊಬೈಲಿನಲ್ಲೇ ಹಣ ಕಟ್ಟಿದ. ಇದೇ ಅಳಿಯ ಕುಮಟೆಯಲ್ಲಿ ಟ್ರಾಫಿಕ್ ಪೊಲೀಸರ ಹತ್ತಿರ ಹೇಗೆ ವಾದ ಮಾಡುತ್ತಿದ್ದ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಮಗಳು ಚೇತರಿಸಿಕೊಂಡ ಮೇಲೆ ಎಲ್ಲರೂ ಉಲ್ಮ್‌ಗೆ ಹೋದೆವು, 161 ಮೀಟರು ದಾಟಿದ ಗೋಪುರದ ಚರ್ಚು ನೋಡಲು. ಎ8 ಹೆದ್ದಾರಿಯಲ್ಲಿ ಅರ್ಧ ದಾರಿ ನಾನು ಓಡಿಸಿದೆ. ಜರ್ಮನಿಯ ಹೆದ್ದಾರಿ, ಅಂದರೆ ಆಟೋಬಾನ್, ವೇಗಕ್ಕೆ ಲಗಾಮಿಲ್ಲದ್ದು ಅಂತ ನಮ್ಮವರ ಕಲ್ಪನೆ. ಮಿತಿಯ ಬೋರ್ಡು ಇಲ್ಲದ ಭಾಗಗಳು ಇರುವುದು ನಿಜ, ಅಲ್ಲೂ 130 ಮೀರಬೇಡಿ ಅಂತ ಶಿಫಾರಸು ಇದೆ. ಆದರೆ ಆ ಹೆದ್ದಾರಿಯನ್ನು ನಡೆಸುವುದು ಸಾಲಿನ ಶಿಸ್ತು. ಬಲಸಾಲಿನಲ್ಲಿ ಇರಬೇಕು, ಹಿಂದೆ ಹಾಕಲು ಮಾತ್ರ ಎಡಕ್ಕೆ ಹೋಗಬೇಕು, ಮತ್ತೆ ಬಲಕ್ಕೆ ಬರಬೇಕು. ಬಲದಿಂದ ಹಿಂದೆ ಹಾಕುವುದು ನಿಷಿದ್ಧ. ಲಾರಿಗಳು 80ರಲ್ಲಿ ಬಲಕ್ಕೆ ಸಾಲು ಕಟ್ಟಿ ಹೋಗುತ್ತಿರುತ್ತವೆ, ಅವನ್ನು ದಾಟಲು ಎಡಕ್ಕೆ ಸರಿಯುವ ಮುಂಚೆ ಕನ್ನಡಿಯಲ್ಲಿ ಒಂದು ಚುಕ್ಕೆ ಬೆಳಕು ಕಂಡರೂ ನಾನು ತಾಳುತ್ತಿದ್ದೆ. ಆ ಚುಕ್ಕೆ ಎರಡು ಸಲ ಕಣ್ಣು ಮಿಟುಕಿಸುವುದರೊಳಗೆ ಕಾರಾಗಿ ಪಕ್ಕದಲ್ಲಿ ಹಾದಿರುತ್ತಿತ್ತು. ದಾರಿಯಲ್ಲಿ ಒಂದು ಘಟ್ಟವೂ ಸಿಗುತ್ತದೆ. ಏರುವ ದಾರಿ ಒಂದು ಕಡೆ, ಇಳಿಯುವ ದಾರಿ ಬೇರೆ ಕಡೆ. ಎದುರಿನಿಂದ ಯಾರೂ ಬರದ ಘಟ್ಟ!

ಆ ಹೆದ್ದಾರಿಯಲ್ಲಿ ನಾನು ಕಂಡದ್ದು ಒಂದನ್ನು ಮಾತ್ರ ಊರಿಗೆ ಬಂದ ಮೇಲೂ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮುಂದೆಲ್ಲೋ ಅಪಘಾತ ಆಗಿ ವಾಹನಗಳು ನಿಧಾನವಾದವು. ಸೈರನ್ ಕೇಳಿರಲಿಲ್ಲ, ಆಂಬುಲೆನ್ಸ್ ಕಂಡಿರಲಿಲ್ಲ. ವೇಗ ಇಳಿದು ಗಾಡಿಗಳು ನಡೆಯುವ ಹೊತ್ತಿಗೇ ಎಡಸಾಲಿನವರೆಲ್ಲ ಎಡ ಅಂಚಿಗೆ, ಉಳಿದವರೆಲ್ಲ ಬಲಕ್ಕೆ ಸರಿದುಕೊಂಡರು. ನಡುವೆ ಒಂದು ಗಾಡಿ ಹೋಗುವಷ್ಟು ದಾರಿ, ಕಣ್ಣು ಹಾಯುವವರೆಗೂ. ಎಷ್ಟೋ ಹೊತ್ತಿನ ಮೇಲೆ ಆಂಬುಲೆನ್ಸ್ ಬಂತು, ಎಲ್ಲೂ ನಿಲ್ಲದೆ ಹೋಯಿತು, ಅದರ ಹಿಂದೆ ನುಗ್ಗಿದವರು ಯಾರೂ ಇಲ್ಲ. ದಾರಿ ಬಿಡದವರಿಗೆ 200 ಯೂರೋ ದಂಡ, ಒಂದು ತಿಂಗಳು ಲೈಸೆನ್ಸ್ ಕಸಿದುಕೊಳ್ಳುತ್ತಾರೆ. ನಮ್ಮಲ್ಲೂ ಆಂಬುಲೆನ್ಸಿಗೆ ಅಡ್ಡ ಬಂದರೆ 10,000 ರೂಪಾಯಿ ದಂಡ ಇದೆ. ಆದರೆ ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಆಗುವುದೇನು? ಎರಡೂ ಕಡೆಯವರು ಎರಡೂ ಸಾಲು ತುಂಬಿಸಿ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಾರೆ, ಮತ್ತೆ ಯಾರೂ ಹಿಂದೆ ಹೋಗಲಾರರು. ಒಳ್ಳೆಯ ಆಸ್ಪತ್ರೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಾದ ಜಿಲ್ಲೆ ನಮ್ಮದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವು ಕೂಗುತ್ತಾ ಬಂದಿದ್ದೇವೆ, ಕೂಗಬೇಕಾದ್ದೇ. ಅಲ್ಲಿಯವರೆಗೆ ಮಣಿಪಾಲಕ್ಕೆ ಹೋಗುವ ಆಂಬುಲೆನ್ಸಿಗೆ ನಡುವೆ ಎರಡೂವರೆ ಮೀಟರು ಬಿಡಲು ಯಾವ ಸರಕಾರದ ಮಂಜೂರಾತಿಯೂ ಬೇಡ.

ಬಾಡಿಗೆ ಕಾರಿನ ಸಂಗತಿ ಚುಟುಕಾಗಿ ಹೇಳಿಬಿಡುತ್ತೇನೆ. ಕಪ್ಪುಕಾಡಿನ ಕಡೆ, ಅಂದರೆ ಷ್ವಾರ್ಟ್ಸ್‌ವಾಲ್ಡ್ ಬೆಟ್ಟಗಳಿಗೆ ಹೋಗಲು ದೊಡ್ಡ ಕಾರು ಬಾಡಿಗೆಗೆ ತೆಗೆದುಕೊಂಡೆವು. ಕ್ರೆಡಿಟ್ ಕಾರ್ಡು ಮುಖ್ಯ ಚಾಲಕನ ಹೆಸರಲ್ಲೇ ಇರಬೇಕು, ಎರಡನೇ ಚಾಲಕರನ್ನು ಸೇರಿಸಲು ಬೇರೆ ಹಣ. ವಿಮೆ ಇದ್ದರೂ ಮೊದಲ ಇಷ್ಟು ಯೂರೋ ನಮ್ಮ ಕೈಯಿಂದ ಅಂತ ಇರುತ್ತದೆ, ಅದು ಎಷ್ಟು ಅಂತ ಕೇಳಿಯೇ ಸಹಿ ಮಾಡಬೇಕು. ಕೀ ತೆಗೆದುಕೊಳ್ಳುವ ಮುಂಚೆ ಕಾರಿನ ಸುತ್ತ, ಚಕ್ರದ ರಿಮ್ಮು ಸಮೇತ ವಿಡಿಯೋ ಮಾಡಿದೆವು. ಕೌಂಟರಿನ ಹುಡುಗಿ ನನ್ನ ಬೂದು ಪುಸ್ತಿಕೆ ತಿರುವಿ ನೋಡಿ, ಕಾರ್ಡಿನ ಮೇಲಿದ್ದ ಕನ್ನಡ ಅಕ್ಷರದ ಮೇಲೆ ಬೆರಳಿಟ್ಟು ಇದು ಯಾವ ಲಿಪಿ ಅಂತ ಕೇಳಿದಳು. ಅಲ್ಲಿಂದ ಸ್ವಿಟ್ಜರ್‌ಲೆಂಡಿನ ಗಡಿ ಹತ್ತಿರವೇ, ಆದರೆ ಅಲ್ಲಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಚೀಟಿ ಬೇಕು. ನಾವು ಗಡಿ ದಾಟಲಿಲ್ಲ.

ಊರಿಗೆ ಬಂದ ಮೇಲೆ ಕೇಳುವವರು ಹೆಚ್ಚಾಗಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲಾಗದು, ದೇಶ ದೇಶಕ್ಕೆ ಬೇರೆ. ಇಂಗ್ಲೆಂಡಿಗೆ ಹೋಗುವವರಿಗೆ ನಮ್ಮ ಹಾಗೇ ಎಡಬದಿ, ನಮ್ಮ ಲೈಸೆನ್ಸಿನಲ್ಲೇ 12 ತಿಂಗಳು ಓಡಿಸಬಹುದು, ಬೋರ್ಡಿನ ಅಂಕಿ ಮಾತ್ರ ಮೈಲಿಯಲ್ಲಿ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ, ಮಗ ಇರುವ ರಾಜ್ಯದ ಇಲಾಖೆಯದನ್ನೇ ಓದಬೇಕು. ಕೆನಡಾದಲ್ಲೂ ಪ್ರಾಂತ್ಯದ ಮೇಲೆ ಹೋಗುತ್ತದೆ. ಮೊನ್ನೆ ಕೆಳಗಿನ ಕೇರಿಯ ಅತ್ತಿಗೆ ಬಂದು, ಮಗಳು ವ್ಯಾಂಕೂವರಿನಲ್ಲಿ, ಮಾಘದಲ್ಲಿ ಹೆರಿಗೆ, ತಾನೂ ಪರ್ಮಿಟ್ ಮಾಡಿಸುತ್ತೇನೆ ಅಂದರು. ಮಾಘ ಅಂದರೆ ಚಳಿಗಾಲ, ಹಿಮದ ಟಯರಿನ ನಿಯಮ ಬೇರೆ ಇರುತ್ತದೆ, ಅದನ್ನು ಅಳಿಯನಿಗೆ ಕೇಳಿ ಅಂದೆ. ಪಾಲಿಸಿಯಲ್ಲಿ ಹೆಸರು ಸೇರಿಸುವುದನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅತ್ತಿಗೆ ಚೀಟಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, "ಕನ್ನಡಕ ಎರಡು ಜೊತೆ ಒಯ್ಯವನೇ?" ಅಂದರು. ಅದು ನನಗೆ ಹೊಳೆದಿರಲಿಲ್ಲ. ಖಂಡಿತಾ ಒಯ್ಯಿರಿ ಅಂದೆ.